ತಡವಾದದ್ದು ಕೈಯಲ್ಲ

ಮರದ ಪಟ್ಟಿಯ ಮೇಲೆ ಅಕ್ಕನ ಉಂಗುರ ಬೆರಳು ಎದ್ದಿದೆ, ಇನ್ನೂ ಇಳಿದಿಲ್ಲ, ಹೊರಗೆ ಯಾರದೋ ಸೈಕಲ್ ಗಂಟೆ, ಸ್ಪೀಕರಿನಲ್ಲಿ ಸಣ್ಣದೊಂದು ಗುಯ್ — ಅದು ಇರಬೇಕಾದದ್ದೇ, ರೇಡಿಯೋ ರಿಪೇರಿ ಮಾಡುತ್ತಲೇ ತಲೆ ನರೆತ ತಂಗಿಗೆ ಯಾವ ಗುಯ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಯಾರೂ ಹೇಳಿಕೊಡಬೇಕಿಲ್ಲ, ಎಂಟು ಪಟ್ಟಿ, ಒಳಗೆ ಅಂಗೈಯಗಲದ ಕಂಪ್ಯೂಟರ್, ಅದನ್ನು ನಡೆಸುವ ತಂತ್ರಾಂಶ ಲಿನಕ್ಸ್, ಪಾರ್ಶ್ವವಾಯು ಹೊಡೆದ ಬಲಗೈ ಸುಮ್ಮನೆ ತಾಗಿದರೂ ನುಡಿಯುವ ವಾದ್ಯ, ಎಲ್ಲ ಅವಳದೇ ಕೈಕೆಲಸ, ಈ ವಯಸ್ಸಲ್ಲಿ ನಿಂಗ್ಯಾಕಮ್ಮ ಇದೆಲ್ಲ ಅಂದಿದ್ದ ಭಾವ ಈಗ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ, ನಿಲ್ಲಲಿ, ಕಣ್ಣು ತುಂಬಾ ನೋಡಲಿ, ಆದರೆ ಹೋದ ವಾರ, ಅಕ್ಕ ತನ್ನದೇ ಹಳೆಯ ಪಿಯಾನೋ ರೆಕಾರ್ಡಿಂಗ್ ಜೊತೆ ನುಡಿಸಲು ಕೂತಾಗ, ಒಂದೊಂದು ಸ್ವರವೂ ಬೆರಳು ಒತ್ತಿ ಮತ್ತೆ ಮೇಲೇಳುವ ಹೊತ್ತಿಗೆ ಬಂತು, ಅಕ್ಕ ಆ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು, ನನ್ ಕೈಯೇ ತಡ ಮಾಡ್ತಿದೆ ಕಣೆ, ಇನ್ನೊಂದ್ಸಲ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಇದನ್ನ ಯಾರಿಗಾದ್ರೂ ಕೊಟ್ಬಿಡು.

ಕೈಯಲ್ಲ, ತಪ್ಪು ತಂಗಿಯದೇ, ಕಂಪ್ಯೂಟರಿನೊಳಗೆ ಶಬ್ದ ಹಂಚುವ ತಂತ್ರಾಂಶ, ಸರ್ವರ್, ಎರಡು, ರೆಕಾರ್ಡಿಂಗ್ ಕೇಳಿಸಲು ಪಲ್ಸ್ ಆಡಿಯೋ, ವಾದ್ಯ ನುಡಿಸಲು ಜ್ಯಾಕ್, ಶಬ್ದವನ್ನು ಸ್ಪೀಕರಿಗೆ ಕಳಿಸುವ ಸೌಂಡ್ ಕಾರ್ಡ್ ಮಾತ್ರ ಒಂದೇ, ಒಂದು ಒರೆಯಲ್ಲಿ ಎರಡು ಕತ್ತಿ, ಮೊದಲು ಎದ್ದ ಪಲ್ಸ್ ಕಾರ್ಡನ್ನು ಹಿಡಿದು ಕೂತರೆ ಜ್ಯಾಕ್‌ಗೆ ಜಾಗವೇ ಇಲ್ಲ — ಹೋಗಲಿ ಎಂದು ವಾದ್ಯವನ್ನೂ ಪಲ್ಸ್‌ಗೇ ಒಪ್ಪಿಸಿದ್ದಳು, ಪರಪರ ಸದ್ದು ಬಂತು, ಶಬ್ದ ಕಾಯ್ದಿಡುವ ಬಫರನ್ನು ಹಿಗ್ಗಿಸಿದಳು, ಪರಪರ ನಿಂತಿತು, ಆದರೆ ಬಫರ್ ಹಿಗ್ಗಿದಷ್ಟೂ ಸ್ವರ ತಡ, ನಲವತ್ತು ವರ್ಷ ಪರಪರ ನಿಲ್ಲಿಸುವುದನ್ನೇ ರಿಪೇರಿ ಎಂದುಕೊಂಡವಳು, ರೇಡಿಯೋಗಳಲ್ಲಿ ತಡ ಎಂಬ ಕಾಯಿಲೆಯೇ ಇಲ್ಲ, ಅವಳ ಕಿವಿಗೆ ಅದು ಬೀಳಲೇ ಇಲ್ಲ, ಅಕ್ಕನ ಮಡಿಲಲ್ಲಿ ಆ ಬೆರಳು ಬಿದ್ದಿದ್ದನ್ನು ಕಂಡಾಗಲೇ ಬುದ್ಧಿ ಬಂದದ್ದು, ಆಮೇಲೆ ನಾಲ್ಕು ದಿನ ಹಟ ಹಿಡಿದು ಕೂತಳು, ಕಾರ್ಡು ಇನ್ನು ಜ್ಯಾಕ್‌ನದು, ಪಲ್ಸ್ ತನ್ನ ಹಾಡನ್ನು ತಂದು ಜ್ಯಾಕ್ ಕೈಗೇ ಕೊಡಬೇಕು, ಬಫರ್ ಬರೀ ಅರುವತ್ತನಾಲ್ಕು ಶಬ್ದತುಣುಕಿಗೆ ಇಳಿಯಿತು, ಪರಪರ ಇಲ್ಲ, ತಡವೂ ಇಲ್ಲ, ಭೇಷ್ ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಲು ಇನ್ಯಾರಿದ್ದರು, ಈಗ ಹಾಡು ಶುರುವಾಗಿದೆ, ರೆಕಾರ್ಡಿಂಗಿನಲ್ಲಿ ಎರಡು ಕೈಯ ಕಾಲದ ಅಕ್ಕ ನುಡಿಸುತ್ತಿದ್ದಾಳೆ, ಈ ಅಕ್ಕನ ಬೆರಳು ಎದ್ದಿದೆ, ಕಾಯುತ್ತಿದೆ, ಇಳಿಯಿತು — ಸ್ವರವೂ ಜೊತೆಗೇ ಇಳಿಯಿತು, ಭಾವ ಕನ್ನಡಕ ತೆಗೆದರು, ತಡ ಆಗ್ಲಿಲ್ಲ ಅಲ್ವೇನೆ, ಇಲ್ಲಕ್ಕ, ನಿನ್ ಕೈ ಯಾವತ್ತೂ ತಡ ಮಾಡಿರ್ಲಿಲ್ಲ, ಈ ವಾದ್ಯ ತಂಗಿ ಮಾಡಿದ್ದು, ತಂಗಿಯ ಈ ಕೈಗಳೇ ಮಾಡಿದ್ದು, ಮುಂದಿನ ಸ್ವರಕ್ಕೆ ಅದು ಮತ್ತೆ ಏಳುತ್ತಿದೆ, ಹೇಳದೆಯೇ ಏಳುತ್ತಿದೆ, ಪಟ್ಟಿಯ ಮೇಲೆ, ಅಕ್ಕನ ಉಂಗುರ ಬೆರಳು