ಹನ್ನೊಂದು ತಿಂಗಳಿಗೊಂದು ರಾತ್ರಿ

ಹಾಲಿನವನು ಎಂದಿನಂತೆ ಎರಡು ಪೊಟ್ಟಣ ಇಟ್ಟುಹೋಗಿದ್ದ. ಅನುರಾಧಾ ಒಂದನ್ನು ಪಾತ್ರೆಗೆ ಸುರಿದಳು, ಇನ್ನೊಂದನ್ನು ಕೈಯಲ್ಲೇ ಹಿಡಿದು ನಿಂತಳು. ಗಂಡ ಸಂಗಮನಾಥನನ್ನು ಮಣ್ಣು ಮಾಡಿ, ಬಂದ ಬಂಧುಗಳೆಲ್ಲ ಬೀದರಿನ ಗಾಡಿ ಹಿಡಿದಿದ್ದರು. ಮನೆಯಲ್ಲಿ ಅವಳೊಬ್ಬಳೇ ಎದ್ದ ಮೊದಲ ಬೆಳಗು ಅದು. ಅಂಬಡ್‌ನ ಕಾರ್ಖಾನೆಯ ಭೋಂಗಾ ಕೂಗಿತು, ಹಗಲು ಪಾಳಿಯವರ ಬೈಕುಗಳು ಬೀದಿ ಖಾಲಿ ಮಾಡಿಕೊಂಡು ಹೋದವು. ಆ ಸದ್ದೆಲ್ಲ ಅಡಗಿದ ಮೇಲೆ ಕಾಲಡಿಯಿಂದ ಫ್ಯಾನು ತಿರುಗುವುದು ಕೇಳಿಸಿತು.

ಬಾಡಿಗೆಗೆ ಕೊಟ್ಟ ಕೆಳಗಿನ ಸಾಲಿನ ಮೂಲೆ ಖೋಲಿಯ ಫ್ಯಾನು. ಖೋಲಿಗೆ ಬೀಗ ಬಿದ್ದಿತ್ತು. ಹೆಣ ಹೊರಗೆ ತಂದ ಗಡಿಬಿಡಿಯಲ್ಲಿ ಯಾರೂ ಗುಂಡಿ ಆರಿಸಿರಲಿಲ್ಲ. ಗಂಡನ ಅಣ್ಣ ರೇವಣಪ್ಪ ಹಾಗೇ ಬಾಗಿಲೆಳೆದು ಬೀಗ ಜಡಿದು, ಕೀಲಿಕೈಯನ್ನು ಅವಳಿಗೆ ಕೊಟ್ಟು ತನ್ನೂರು ಸಂಭಾಜಿನಗರಕ್ಕೆ ಹೊರಟಿದ್ದ. "ಯಾರರೆ ಕೇಳಿದ್ರ ಕೊಡಬ್ಯಾಡ" ಎಂದಿದ್ದ.

ಸಂಗಮನಾಥನಿಗೆ ಜೀವನದಲ್ಲಿ ಒಂದೇ ಹೆದರಿಕೆ ಇತ್ತು: ಭಾಡೇಕರು, ಬಾಡಿಗೆಗೆ ಬಂದವರು, ಬೇರು ಬಿಟ್ಟಾರೆಂದು. ಬಾಡಿಗೆಯ ಕಾಯ್ದೆ ಬದಲಾಗುತ್ತದಂತೆ, ಇನ್ನು ಒಳಗಿದ್ದವರನ್ನು ಎಬ್ಬಿಸುವುದು ಆಗದ ಮಾತಂತೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ ಮೇಲೆ ಆ ಹೆದರಿಕೆ ಇಮ್ಮಡಿಯಾಗಿತ್ತು. ಮೊದಲಿಂದಲೂ ಅವನದೊಂದು ಪದ್ಧತಿ. ಹನ್ನೊಂದು ತಿಂಗಳ ಕರಾರು ಮುಗಿದ ದಿನ ಭಾಡೇಕರು ಸಾಮಾನು ಸಮೇತ ಹೊರಗೆ ಬರಬೇಕು. ಆ ಒಂದು ರಾತ್ರಿ ತಾನೇ ಖಾಲಿ ಖೋಲಿಯಲ್ಲಿ ಮಲಗಿ, ಫೋಟೋ ತೆಗೆದುಕೊಂಡು, ಮರುದಿನ ಹೊಸ ಕರಾರು ಬರೆಸಿ ಅವರನ್ನು ಒಳಗೆ ಬಿಡುವನು. ಖೋಲಿಯ ಕಬ್ಜಾ ಮಾಲೀಕನ ಕೈಗೆ ತಿರುಗಿ ಬಂದಿತ್ತೆಂಬುದಕ್ಕೆ ಅದು ಪುರಾವೆ. ಈ ಸಲ ಮೂಲೆ ಖೋಲಿಯಲ್ಲಿ ಮಲಗಿದವನು ಏಳಲಿಲ್ಲ.

ಉಳಿದ ಹಾಲು ಹಿಡಿದು ಅನುರಾಧಾ ಕೆಳಗಿಳಿದಳು. ಮೆಟ್ಟಿಲ ಕೆಳಗೆ, ತಗಡಿನ ಮರೆಯಲ್ಲಿ ಚನಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಮೂಲೆ ಖೋಲಿ ಅವಳದೇ. ಇಂಡಿ ಕಡೆಯಿಂದ ಬಂದು ಗೋಡೆ ಕಟ್ಟುವ ಗೌಂಡಿ ಧರ್ಮಣ್ಣನ ಹೆಂಡತಿ. ಅನುರಾಧಾ ಮದುವೆಯಾಗಿ ಬರುವ ಮೊದಲೇ ಇಲ್ಲಿದ್ದವಳು. ಈಗ ಗಂಡ, ಇಬ್ಬರು ಹೆಣ್ಣುಮಕ್ಕಳು, ಟ್ರಂಕು, ಡಬ್ಬಿಗಳೆಲ್ಲ ಆ ತಗಡಿನ ಮರೆಯಲ್ಲೇ ಇದ್ದವು. ಅವಳು ರೊಟ್ಟಿಯನ್ನು ಸದ್ದಿಲ್ಲದೆ ಬಡಿಯುತ್ತಿದ್ದಳು, ಬರೀ ಬೆರಳ ತುದಿಯಿಂದ.

"ಯಾಕ್ರೀ ಹಿಂಗ ಬಡೀತೀರಿ?"

"ಅಭ್ಯಾಸ ಆಗೇತ್ರಿ ಅಕ್ಕಾರ. ಸಾಹೇಬ್ರು ಮಲಗ್ಯಾರಂತ ಹುಡುಗ್ಯಾರು ಸೈತ ಮೆಲ್ಲಕ ಮಾತಾಡತಾವರಿ." ಹೇಳಿಬಿಟ್ಟು ಚನಬಸವ್ವ ನಾಲಗೆ ಕಚ್ಚಿಕೊಂಡಳು.

ಪಕ್ಕದ ಖೋಲಿಯ ರೇಷ್ಮಾ ಬಟ್ಟೆ ಹಿಂಡುತ್ತ ನಕ್ಕಳು. "ಕ್ಯಾ ಬಾತ್ ಹೈ! ನಾವು ಫ್ಯಾನ್ ಒಂದ್ ತಾಸು ಜಾಸ್ತಿ ಹಚ್ಚಿದ್ರ ಬೈತಿದ್ರು. ಈಗ ಸಾಹೇಬ್ರೇ ರಾತ್ರಿ ಹಗಲಾ ತಿರಗಸಾಕ ಹತ್ಯಾರ."

"ಬಾಯಿ ಮುಚ್ಚಗೊಂಡಿರ ನಿಮ್ಮವ್ವ" ಎಂದಳು ಚನಬಸವ್ವ.

ಬೇರೆ ಯಾರಿಗೂ ನಗು ಬರಲಿಲ್ಲ. ಅನುರಾಧಾ ಬೀಗದ ಬಾಗಿಲ ಕಡೆ ನೋಡಿದಳು. ಅದರ ಮುಂದಿನ ಕಟ್ಟೆಯನ್ನು ಯಾರೋ ಸಾರಿಸಿದ್ದರು. ಚಪ್ಪಲಿಗಳನ್ನೆಲ್ಲ ಒಳಗೆ ಯಾರೋ ಇರುವ ಮನೆಯ ಮುಂದೆ ಬಿಡುವಂತೆ ಒಂದು ಬದಿಗೆ ಬಿಟ್ಟಿದ್ದರು. ಚನಬಸವ್ವ ಹಾಲು ತೆಗೆದುಕೊಂಡಳು, ಖೋಲಿಯ ಮಾತೆತ್ತಲಿಲ್ಲ. ಅಷ್ಟರಲ್ಲಿ ರೇವಣಪ್ಪನ ಫೋನ್ ಬಂತು.

"ಆ ಧರ್ಮ್ಯಾ ಪೋಲೀಸ್ ಚೌಕಿಗಿ ಹೋಗಿದ್ದನಂತ. ಖೋಲಿ ನಮ್ದು, ಬೀಗ ತೆಗಸ್ರಿ ಅಂತಾನ. ನಾಳಿ ಮುಂಜಾನಿ ಎಸ್‌ಟಿ ಬಸ್ ಹಿಡಿದು ಬಾ, ವಕೀಲರ ಬಲ್ಲಿ ಹೋಗಮು."

"ಹೊಸ ಕರಾರ್ ಮಾಡಿ ಒಳಗ ಬಿಡಬೇಕಲ್ಲ ಭಾವಾರ. ಅವರು ಹಂಗೇ ಮಾಡ್ತಿದ್ರು."

"ಹುಚ್ಚಿ ಇದ್ದಿ ನೀ? ಎಂ.ಎ. ಓದಿದಾಕಿ! ಕಾಯ್ದಾ ಬರೋದ್ರಾಗ ಖೋಲಿ ಖಾಲಿ ಆಗ್ಬೇಕು. ತಾನಾಗೇ ಖಾಲಿ ಆಗ್ಯಾದ. ತಮ್ಮ ಸತ್ತೂ ಕಬ್ಜಾ ಬಿಟ್ಟಿಲ್ಲ."

ಆ ಮಾತಿಗೆ ಏನನ್ನಿಸಬೇಕೋ ಅದು ಅವಳಿಗೆ ಅನ್ನಿಸಲಿಲ್ಲ. ಇತ್ತೀಚೆಗೆ ಯಾವ ಮಾತಿಗೂ ಏನೂ ಅನ್ನಿಸುತ್ತಿರಲಿಲ್ಲ.

ಮರುದಿನ ಬಸ್ಸು ಯೇವಲಾ, ವೈಜಾಪುರ ದಾಟಿ ಸಂಭಾಜಿನಗರ ಮುಟ್ಟುವಾಗ ಬಿಸಿಲೇರಿತ್ತು. ವಕೀಲ ಜಯಂತರ ಕಚೇರಿ ಹಿಮರೂ ಶಾಲುಗಳ ಅಂಗಡಿಯ ಮೇಲಿತ್ತು. ರೇವಣಪ್ಪ ತಮ್ಮನ ಫೋನನ್ನು ಆಗಲೇ ಅವರಿಗೆ ಒಪ್ಪಿಸಿದ್ದ. ಅದನ್ನು ಕಂಪ್ಯೂಟರಿಗೆ ಜೋಡಿಸಿದ್ದರು.

"ಬನ್ನಿ ವಹಿನಿ, ಕೂತುಕೊಳ್ಳಿ" ಎಂದು ವಕೀಲರು ಅತ್ತಿಗೆಯನ್ನು ಕರೆಯುವಂತೆ ಮರಾಠಿಯಲ್ಲಿ ಹೇಳಿದರು. "ನಿಮ್ಮ ಯಜಮಾನರು ಬಹಳ ಹುಷಾರು ಮನುಷ್ಯ. ಒಂದೇ ಫೋಟೋ ಇದ್ದರೆ ಕೋರ್ಟು ನಂಬುವುದಿಲ್ಲ ಅಂತ, ರಾತ್ರಿಯೆಲ್ಲ ಆಗಾಗ ತಾನೇ ಫೋಟೋ ತೆಗೆಯುವ ಹಾಗೆ ಫೋನಿಗೆ ಹಚ್ಚಿಟ್ಟಿದ್ದಾರೆ. ನೋಡಿ."

ಕಿಟಕಿಯ ಕಟ್ಟೆಯ ಮೇಲಿಂದ ಫೋನು ಕಂಡ ಖೋಲಿ ಪರದೆಯ ತುಂಬ ಬಂತು. ಬೋಳು ಗೋಡೆ. ನೆಲದ ಮೇಲೆ ಸಂಗಮನಾಥ. ವಕೀಲರು ಒಂದೊಂದಾಗಿ ಸರಿಸುತ್ತ ಹೋದರು. ಅವನು ಗೋಡೆಯತ್ತ ತಿರುಗಿದ್ದ. ಆಮೇಲೆ ಇತ್ತ ತಿರುಗಿದ. ಒಂದರಲ್ಲಿ ಎದ್ದು ಕೂತಿದ್ದ, ಎದೆಯ ಮೇಲೆ ಕೈ ಇತ್ತು. ಮುಂದಿನದರಲ್ಲಿ ಅಂಗಾತ ಮಲಗಿದ್ದ, ಒಂದು ಕೈ ಹೊರಗೆ ಚಾಚಿತ್ತು. ಅದರ ಮುಂದಿನದರಲ್ಲೂ ಹಾಗೆಯೇ. ಮತ್ತೊಂದರಲ್ಲೂ ಹಾಗೆಯೇ. ಅಲ್ಲಿಂದ ಮುಂದೆ ಕಿಟಕಿಯ ಬೆಳಕು ಮಾತ್ರ ಬದಲಾಗುತ್ತಿತ್ತು.

ಜೀವ ಹೋದದ್ದು ಯಾವ ಎರಡು ಫೋಟೋಗಳ ನಡುವೆ ಎಂಬುದು ಅನುರಾಧಾಳಿಗೆ ತಿಳಿದುಹೋಗಿತ್ತು. ಆ ಹೊತ್ತಿಗೆ ತಾನು ಮೇಲೆ ಮಲಗಿದ್ದೆ ಎಂದೂ.

"ಈ ಕೊನೆಯದನ್ನೇ ಇಡೋಣ" ಎಂದರು ವಕೀಲರು. "ಬೆಳಕು ಚೆನ್ನಾಗಿದೆ. ಮುಖ ಸ್ಪಷ್ಟವಾಗಿದೆ."

"ಭೇಷ್" ಎಂದ ರೇವಣಪ್ಪ.

ವಕೀಲರು ಫೋಟೋ ದೊಡ್ಡದು ಮಾಡಿದರು, ಆಮೇಲೆ ಹುಬ್ಬು ಗಂಟಿಕ್ಕಿದರು. "ಒಂದು ತೊಡಕಿದೆ. ಈ ಹಾಸಿಕೊಂಡದ್ದು ಯಾರದು? ಭಾಡೇಕರದಾದರೆ ಅವರ ಸಾಮಾನು ಒಳಗೇ ಇತ್ತು ಅಂತಾಗುತ್ತದೆ. ಖೋಲಿ ಖಾಲಿಯೇ ಆಗಲಿಲ್ಲ, ಕಬ್ಜಾ ತಿರುಗಿ ಬರಲೇ ಇಲ್ಲ ಅಂತ ಅವರ ವಕೀಲ ಹಿಡಿದುಬಿಡುತ್ತಾನೆ."

ಸಂಗಮನಾಥನ ಕೆಳಗೆ ಹಸಿರು, ಕೆಂಪು, ಕಂದು ಸೀರೆಯ ತುಂಡುಗಳ ಕೌದಿಯೊಂದಿತ್ತು. ಅನುರಾಧಾ ಅದನ್ನು ತನ್ನ ಮನೆಯಲ್ಲಿ ಎಂದೂ ಕಂಡಿರಲಿಲ್ಲ.

"ನಮ್ದೇ ಅದ, ಮತ್ಯಾರ್ದು? ಹೇಳು ಅನುರಾಧಾ, ನಿನ್ನ ತವರ್ಮನಿದು ಅಂತ" ಎಂದ ರೇವಣಪ್ಪ.

"ಪ್ರಮಾಣಪತ್ರದಲ್ಲಿ ಅದೊಂದು ಸಾಲು ಸೇರಿಸಿದರೆ ಸಾಕು ವಹಿನಿ. ನಿಮ್ಮ ಸಹಿ ಆದರೆ ಆ ಗೌಂಡಿಗೆ ಖೋಲಿ ಇಲ್ಲ."

ಪರದೆಯ ಮೇಲಿನ ಕಣ್ಣುಗಳು ಅರೆ ತೆರೆದಿದ್ದವು. ಅವಳು ಎಲ್ಲಿ ಕೂತರೂ ಅವಳನ್ನೇ ನೋಡುವಂತಿದ್ದವು.

"ನೋಡ್ಕೊಂಡು ಬಂದು ಹೇಳ್ತೀನ್ರಿ" ಎಂದಳು.

"ಏನ್ ನೋಡ್ತಿ? ಒಂದು ಹರಕ ಕೌದಿ ಸಲುವಾಗಿ..." ರೇವಣಪ್ಪ ಮೆಟ್ಟಿಲವರೆಗೂ ಬೈಯುತ್ತ ಬಂದ. ಬಸ್ಸಿನಲ್ಲಿ ಕೂತ ಮೇಲೂ ಆ ಚಾಚಿದ ಕೈ ಅವಳ ಕಣ್ಣ ಮುಂದೆ ಇತ್ತು.

ಅಂಬಡ್ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅವಳು ಮೇಲೆ ಹೋಗಲಿಲ್ಲ. ನೇರ ಮೂಲೆ ಖೋಲಿಯ ಬೀಗ ತೆಗೆದಳು. ಒಳಗಿನ ಗಾಳಿ ತಣ್ಣಗಿತ್ತು. ನೆಲದ ಮೇಲೆ ಕೌದಿಯಿತ್ತು, ಹೆಣ ಎತ್ತಿಕೊಂಡು ಹೋದವರ ಕಾಲಿಗೆ ಸಿಕ್ಕು ಅದರ ಒಂದು ಮೂಲೆ ಮಡಚಿತ್ತು. ನಡುವೆ ಮಾತ್ರ ತಗ್ಗು ಹಾಗೇ ಉಳಿದಿತ್ತು. ಮುಟ್ಟಿದರೆ ಬೆಚ್ಚಗಿರಬಹುದು ಎನ್ನಿಸಿ ಅವಳು ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಬಗ್ಗಿ, ಮಡಚಿ, ಎದೆಗೊತ್ತಿಕೊಂಡು ಹೊರಗೆ ಬಂದಳು.

ಚನಬಸವ್ವ ಒಲೆಯ ಮುಂದಿಂದ ಎದ್ದು ನಿಂತಳು.

"ಇದು ನಿಮ್ದೇನ್ರಿ?"

"ನಮ್ಮವ್ವ ಹೊಲದದ್ದರಿ." ಅವಳು ಕೈ ಚಾಚಲಿಲ್ಲ. "ಅವತ್ತ ಫ್ಯಾನ್ ಹಚ್ಚಿದ್ರ ಬರೇ ನೆಲ ಭಾಳ ಥಂಡಿ ಹತ್ತತಿತ್ತರಿ. ಹಾಸಿಗಿ ತರಾಕ ಮ್ಯಾಲ ಹೋದ್ರ ನಿಮಗ ಎಚ್ಚರಾಗತೈತಿ ಅಂತಂದ್ರ ಸಾಹೇಬ್ರು. ಒಂದ್ ಕೌದಿ ಇದ್ರ ಕೊಡವ್ವಾ, ಮುಂಜಾನಿ ಕೊಡತೇನಿ ಅಂದ್ರರಿ."

ಅನುರಾಧಾ ಕೌದಿಯನ್ನು ಇನ್ನಷ್ಟು ಅವುಚಿಕೊಂಡಳು. ಹಲವು ದಿನಗಳ ಮೇಲೆ ಮೊದಲ ಸಲ ಒಂದು ಮಾತು ಅವಳನ್ನು ತಾಕಿತ್ತು.

"ಅದರ ಮ್ಯಾಲೇ ಹೋದ್ರು. ನಿಮಗ ಬ್ಯಾಡಾದ್ರ..."

"ಬ್ಯಾಡಾಗೂದೇನರಿ. ನಮ್ಮವ್ವನೂ ಅದರ ಮ್ಯಾಲೇ ಹೋಗ್ಯಾಳ." ಚನಬಸವ್ವ ಸೆರಗಿನಿಂದ ಕೈಯೊರೆಸಿಕೊಂಡು ಕೌದಿಯನ್ನು ಇಸಿದುಕೊಂಡಳು.

"ಸಾಮಾನು ಒಳಗ ತಗೋರಿ. ಬೀಗ ತೆಗ್ದೀನಿ" ಎಂದಳು ಅನುರಾಧಾ. "ಭಾವಾರಿಗೆ ನಾ ಹೇಳ್ತೀನಿ, ಕೌದಿ ನಿಮ್ದೇ ಅಂತ."

ಚನಬಸವ್ವ ಹೊಸ್ತಿಲಿಗೆ ಕೈ ಮುಟ್ಟಿಸಿ ನಮಸ್ಕರಿಸಿ ಒಳಗೆ ಹೋದಳು. ಸಾಹೇಬರು ಮಲಗಿದ್ದ ಗೋಡೆಯ ಬದಿಗೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟು, ಈಚೆಗೆ ಕೌದಿ ಹಾಸಿದಳು.