ಮೆಲುದನಿಯ ಚಿಟಪಟ

ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಫ್ರೀಮ್ಯಾಂಟಲ್ ಬಂದರಿನ ಹಿಂದಿನ ಹಳೆಯ ಉಣ್ಣೆ ಗೋದಾಮಿನಲ್ಲಿ ನೆವೆಂಕಾ ಮತ್ತು ಕ್ಲೈವ್ ಸೇರಿ ಒಂದು ವಾದ್ಯ ಕಟ್ಟುತ್ತಿದ್ದರು. ಮುಂದೆ ಪಿಯಾನೋದಂಥ ಕೀಗಳ ಸಾಲು, ಒಳಗೆಲ್ಲ ಸರ್ಕ್ಯೂಟು. ಅದು ಯಾರ ದನಿಯನ್ನಾದರೂ ಅಂಕಿಗಳಾಗಿ ಇಟ್ಟುಕೊಂಡು, ಕೀ ಒತ್ತಿದಾಗ ಆ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಏರಿಳಿತವಾಗಿಸಿ ನುಡಿಸಬೇಕಿತ್ತು. ಅಂಥ ವಾದ್ಯಗಳು ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲ ಅದು. ಪರೀಕ್ಷೆಗೆಂದು ಕ್ಲೈವ್ ತನ್ನದೇ ಗುನುಗನ್ನು ಅದಕ್ಕೆ ತುಂಬಿದ್ದ.

ಚಳಿಗಾಲಕ್ಕೆ ಮುಂಚೆ ಅವನಿಗೆ ಸಿಡ್ನಿಯ ಸ್ಟುಡಿಯೋ ಒಂದರಲ್ಲಿ ಕೆಲಸ ಸಿಕ್ಕಿತು.

"ನೀನೂ ಬಂದುಬಿಡೇ ಮಾರಾಯ್ತಿ," ಎಂದ, ರೈಲಿನ ಮೆಟ್ಟಿಲ ಮೇಲೆ ನಿಂತು. "ಈ ಪೆಟ್ಟಿಗೆ ಜೊತೆ ಇನ್ನೆಷ್ಟು ದಿನ ಗುದ್ದಾಡ್ತೀಯ?"

"ಅರ್ಧಕ್ಕೆ ಬಿಟ್ಟು ಓಡಿಹೋಗೋಳು ನಾನಲ್ಲಪ್ಪ, ನೀನು!"

ಇಬ್ಬರೂ ನಕ್ಕರು. ರೈಲು ಮರೆಯಾದ ಮೇಲೆ, ಅವನು ತಮಾಷೆಗೆ ಕರೆದನೋ ನಿಜವಾಗಿ ಕರೆದನೋ ಎಂಬ ಅನುಮಾನ ನೆವೆಂಕಾಳ ಎದೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಹೋಗಲಿಲ್ಲ.

ಅಂದಿನಿಂದ ಅವಳ ಪಾಲಿಗೆ ಉಳಿದದ್ದು ಆ ಗುನುಗು. ಕೀ ಒತ್ತಿದರೆ ಅವನ ದನಿ ತುಂಬಿ ಬರುತ್ತಿತ್ತು. ಸಣ್ಣಗಾಗುತ್ತ ಬಂದಂತೆ, ಬಾಣಲೆಯಲ್ಲಿ ಎಣ್ಣೆ ಸಿಡಿದ ಹಾಗೆ ಚಿಟಪಟ ಶುರುವಾಗಿ ಕೊನೆಯನ್ನೆಲ್ಲ ನುಂಗಿಬಿಡುತ್ತಿತ್ತು.

ಅವಳಪ್ಪ ಸ್ಟಿಪೆ ಯುರೋಪಿನ ಡಾಲ್ಮೇಷಿಯಾ ಕರಾವಳಿಯ ದ್ವೀಪವೊಂದರಿಂದ ಬಂದು ಇಲ್ಲೇ ಸಿಗಡಿ ದೋಣಿ ನಡೆಸಿ ಮುದುಕನಾದವನು. ಊಟದ ಡಬ್ಬಿ ತಂದಾಗ ಒಮ್ಮೆ ಕಿವಿಗೊಟ್ಟು ಕೇಳಿದ.

"ಒಳಗೆ ಏಡಿ ಸೇರ್ಕೊಂಡಿದೆ ಕಣೇ. ಕಾಲು ಕೆರೀತಾ ಇದೆ."

"ಏಡಿಯಲ್ಲಪ್ಪ, ಸ್ವಿಚ್ಚುಗಳು. ಹನ್ನೆರಡಿವೆ. ಒಂದು ಅಂಕಿಯಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲ ಒಟ್ಟಿಗೆ ಬದಲಾಗ್ಬೇಕು. ಒಂದು ಬೇಗ, ಒಂದು ತಡ. ಆ ಗಡಿಬಿಡೀಲಿ ಕರೆಂಟು ಒಂದ್ಸಲ ಎಗರಿಬಿಡತ್ತೆ."

"ಜೋರಾಗಿ ಹಾಡುವಾಗ ಯಾಕೆ ಕೇಳ್ಸಲ್ಲ?"

"ಜೋರುದನಿ ಅದನ್ನ ಮುಚ್ಚಿಹಾಕತ್ತೆ. ಮೆಲುದನಿ ಸುಮ್ಮನೆ ನಟ್ಟನಡುವೆ ತೂಗ್ತಿರತ್ತೆ. ಆ ನಡುಗೆರೆ ದಾಟೋವಾಗ್ಲೇ ಹನ್ನೆರಡೂ ಸ್ವಿಚ್ಚು ತಿರುಗಿ ಬೀಳೋದು."

"ಪಾಪ," ಎಂದ ಸ್ಟಿಪೆ, ಯಾರಿಗೆಂದು ಹೇಳದೆ.

ಸದ್ದು ಸೋಸುವ ಫಿಲ್ಟರ್ ಹಾಕಿದರೆ ಸಾಕು ಎಂಬುದು ಕ್ಲೈವನ ವಾದವಾಗಿತ್ತು. ಹಾಕಿ ನೋಡಿದಳು. ಚಿಟಪಟದ ಚೂಪಾದ ಮುಳ್ಳು ಮೊಂಡಾಯಿತು, ಹೋಗಲಿಲ್ಲ. ಶಾಯಿ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಂತೆ ಹರಡಿಕೊಂಡಿತು. ಆಮೇಲೆ ಸ್ವಿಚ್ಚುಗಳಿಗೆ ಹೋಗುವ ಹನ್ನೆರಡು ಸಂಕೇತಗಳನ್ನೂ ಬಾಗಿಲಲ್ಲಿ ತಡೆದು ಒಟ್ಟಿಗೆ ಒಳಬಿಟ್ಟಳು. ಅರ್ಧಕ್ಕರ್ಧ ತಗ್ಗಿತು. ಆದರೆ ಸ್ವಿಚ್ಚುಗಳ ಸ್ವಭಾವವೇ ಹಾಗೆ, ಹತ್ತುವುದು ಚುರುಕು, ಆರುವುದು ನಿಧಾನ. ಅದಕ್ಕೆ ಮದ್ದಿರಲಿಲ್ಲ.

ಒಂದು ಮಧ್ಯಾಹ್ನ, ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಹಸಿರು ಗೆರೆಯನ್ನು ದಿಟ್ಟಿಸುತ್ತಿದ್ದಾಗ ಅವಳಿಗೆ ಹೊಳೆಯಿತು. ಗಡಿಬಿಡಿಯನ್ನು ನಿಲ್ಲಿಸಲೇಬೇಕೆಂದು ಹಟ ಹಿಡಿದದ್ದೇ ತಪ್ಪು. ಪ್ರತಿ ಸಲವೂ ಅದು ಎಗರುತ್ತದೆ, ಮತ್ತೆ ತಾನಾಗಿಯೇ ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ಅಲ್ಲಿಯತನಕ ಹೊರಗಿನವರಿಗೆ ಅದನ್ನು ತೋರಿಸದಿದ್ದರಾಯಿತು.

ದನಿ ಹೊರಬೀಳುವ ದಾರಿಯಲ್ಲಿ ಒಂದು ಪುಟ್ಟ ಕೆಪಾಸಿಟರ್, ಅದಕ್ಕೊಂದು ಸ್ವಿಚ್ಚು ಕೂರಿಸಿದಳು. ಅಂಕಿ ಬದಲಾಗುವಷ್ಟು ಹೊತ್ತು ಕೆಪಾಸಿಟರ್ ಹಳೆಯ ಮಟ್ಟವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ಗದ್ದಲ ಅಡಗಿದ ಮೇಲೆ ಹೊಸದನ್ನು ತೆಗೆದುಕೊಳ್ಳುತ್ತದೆ. ಈ ಹೊಸ ಸ್ವಿಚ್ಚೂ ಸ್ವಲ್ಪ ಸದ್ದು ಮಾಡಿತು, ನಿಜ. ಆದರೆ ಅಂಕಿ ಯಾವುದೇ ಇರಲಿ, ಅದರ ಸದ್ದು ಒಂದೇ ಸಮ, ಕಿವಿಗೆ ಎಟುಕದಷ್ಟು ಮೇಲಿನ ಸ್ಥಾಯಿಯಲ್ಲಿ. ಅದನ್ನು ತೆಗೆಯಲು ಕ್ಲೈವನ ಫಿಲ್ಟರೇ ಸಾಕಾಯಿತು.

ಕೀ ಒತ್ತಿದಳು. ಗುನುಗು ತುಂಬಿ ಬಂತು, ಇಳಿಯಿತು, ಇನ್ನೂ ಇಳಿಯಿತು. ಚಿಟಪಟ ಇಲ್ಲ. ಈವರೆಗೆ ಯಾರೂ ಕೇಳದಿದ್ದ ಆ ಕೊನೆಯಲ್ಲಿ ಅವನು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಅದರ ಹಿಂದೆಯೇ, ದೂರದಿಂದ, ಒಬ್ಬ ಹೆಂಗಸಿನ ನಗು.

ಯಾರದೆಂದು ತಿಳಿಯಲು ನೆವೆಂಕಾ ಮತ್ತೆ ಮತ್ತೆ ಒತ್ತಬೇಕಾಯಿತು. ಅದು ಅವಳದೇ. ಅವನು ಗುನುಗುವಾಗ ಈ ಮೂಲೆಯಲ್ಲಿ ಕೂತು ಅವಳು ಅಷ್ಟು ಹಗುರಾಗಿ, ಅಷ್ಟು ಸುಖವಾಗಿ ನಕ್ಕಿದ್ದಳು. ಆ ಹೊತ್ತಿನಲ್ಲಿ ಅದು ಅವಳಿಗೇ ಗೊತ್ತಾಗಿರಲಿಲ್ಲ.

ಸಿಡ್ನಿಗೆ ಫೋನ್ ಮಾಡಿದಳು. "ಕೇಳು," ಎಂದು ರಿಸೀವರನ್ನು ಸ್ಪೀಕರಿಗೆ ಹಿಡಿದು ಕೀ ಒತ್ತಿದಳು.

"ನನ್ನ ದನಿ ಕೇಳ್ತು, ಆಮೇಲೆ ಏನೂ ಇಲ್ಲ," ಎಂದ ಕ್ಲೈವ್.

"ಏನೂ ಇಲ್ವಲ್ಲ, ಅದೇ ಕಣೋ!"

"ಹೋಯ್ತಾ? ನಿಜವಾಗ್ಲೂ ಹೋಯ್ತಾ?" ಅವನು ಕೂಗಿಯೇ ಬಿಟ್ಟ. "ಫಿಲ್ಟರಿಂದಲೇ ತಾನೆ?"

"ನಿನ್ನ ತಲೆ! ಕಾಯೋದ್ರಿಂದ."

ಹೇಗೆಂದು ವಿವರಿಸಿದಳು. ಅವನು ಮನಸಾರೆ ಮೆಚ್ಚಿದ. ನಗು ಅವನಿಗೆ ಕೇಳಿಸಿರಲಿಲ್ಲ. ಸಾವಿರಾರು ಮೈಲಿಯ ತಂತಿ ಅಷ್ಟು ಸಣ್ಣದನ್ನು ದಾಟಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿಸೀತೆಂದು ಆಸೆಪಟ್ಟಿದ್ದಳು.

"ಕ್ಲೈವ್, ಅವತ್ತು ರೈಲಲ್ಲಿ ನನ್ನ ಕರೆದೆಯಲ್ಲ, ನಿಜವಾಗಿ ಕರೆದಿದ್ದಾ?"

"ನಿಜವಾಗಿಯೇ ಕರೆದಿದ್ದೆ ಕಣೇ," ಎಂದ ಕ್ಲೈವ್. "ಅವತ್ತು." ತಡೆದು ಸೇರಿಸಿದ, "ಈಗ ಇಲ್ಲಿ ಹೆಲೆನ್ ಅಂತ ಒಬ್ಬಳಿದಾಳೆ. ವಸಂತದಲ್ಲಿ ಮದುವೆ."

"ಒಳ್ಳೇದಾಯ್ತು," ಎಂದಳು ನೆವೆಂಕಾ. ಅವಳ ದನಿ ನಡುಗಲಿಲ್ಲ. ಫೋನ್ ಇಟ್ಟ ಮೇಲೆ ಇನ್ನೊಂದು ಸಲ ಕೀ ಒತ್ತಿದಳು.

ವಾದ್ಯವನ್ನು ಪರ್ತ್‌ನ ಸಂಗೀತ ಶಾಲೆಗೆ ಕಳಿಸುವ ಮುಂಚೆ ಅದರೊಳಗೆ ಬೇರೆ ದನಿ ತುಂಬಬೇಕಿತ್ತು. ಅಪ್ಪನನ್ನು ಕರೆತಂದು ಮೈಕಿನ ಮುಂದೆ ಕೂರಿಸಿದಳು. ಅಳಿಸುವ ಮೊದಲು ಕ್ಲೈವನ ಗುನುಗನ್ನು ಕೊನೆಯ ಸಲ ನುಡಿಸಿದಳು. ಸ್ಟಿಪೆಯ ಕಿವಿ ಇನ್ನೂ ಸಮುದ್ರದ ಕಿವಿ.

"ನಗ್ತಿರೋದು ನೀನಲ್ವೇ?"

"ಹೂಂ ಅಪ್ಪ."

"ಹೀಗೆ ನಗ್ತಿದ್ಯಾ ನೀನು?"

ಮುದುಕ ಮಗಳ ತಲೆ ಮೇಲೆ ಒರಟು ಕೈ ಇಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು, ಬಿಟ್ಟುಬಂದ ಮೇಲೆ ಮತ್ತೆಂದೂ ಕಾಣದ ತನ್ನ ದ್ವೀಪದ ಹಾಡನ್ನು ಎತ್ತಿಕೊಂಡ. ಹಾಡಿನ ಕೊನೆಯಲ್ಲಿ ಅವನ ದನಿ ನೂಲಿನಷ್ಟು ಸಣ್ಣಗಾಯಿತು. ನೆವೆಂಕಾ ಉಸಿರು ಬಿಗಿಹಿಡಿದು, ಅದು ಪೂರ್ತಿ ಮುಗಿಯುವವರೆಗೂ ದನಿ ತುಂಬಿಕೊಳ್ಳುತ್ತಿದ್ದ ಯಂತ್ರ ನಿಲ್ಲಿಸಲಿಲ್ಲ.