ಗೆಲ್ಲದೆ ಹಾಡುವಂತಿಲ್ಲ

"ನಿಲ್ಸ್ರೋ!" ಎಂದು ಜನೀನ್ ಕೂಗಿದ ರಭಸಕ್ಕೆ ಚರ್ಚಿನ ಜಗಲಿಯಲ್ಲಿ ಸಾಲಾಗಿ ನಿಂತಿದ್ದ ಅಷ್ಟೂ ಹುಡುಗರ ಬಾಯಿ ಒಮ್ಮೆಲೇ ಮುಚ್ಚಿಕೊಂಡಿತು. ಅವರೆದುರು ತಾಳ ಹಾಕುತ್ತಿದ್ದ ನೆವಿಲ್ ಕ್ರಂಪ್‌ನ ಕೈ ಮಾತ್ರ ಗಾಳಿಯಲ್ಲೇ ಉಳಿಯಿತು.

"ಏನು ನಡೀತಿದೆ ಇಲ್ಲಿ?"

"ಅಭ್ಯಾಸ ಮಾಡಿಸ್ತಿದ್ದೆ ಜನೀನ್," ಎಂದ ನೆವಿಲ್. ಡನ್ವಾರಾ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷಗಿರಿಗೆ ಬೇರೆ ಯಾರೂ ಮುಂದೆ ಬಾರದ ಕಾರಣ ಆರು ವರ್ಷದಿಂದ ಅವನೇ ಅಧ್ಯಕ್ಷ. "ಪ್ರಾರ್ಥನೆ ಮುಗಿದು ಪೆಟ್ಟಿಗೆ ಹೊರಗೆ ತರೋವಾಗ ಕ್ಲಬ್ಬಿನ ಹಾಡು ಹಾಡಿ ಕಳಿಸೋಣ ಅಂತ. ನಿಮ್ಮಪ್ಪ ನಲವತ್ತಾರು ವರ್ಷ ಸ್ಕೋರ್‌ಬೋರ್ಡ್ ನೋಡ್ಕೊಂಡೋರು. ಅಷ್ಟೂ ಮಾಡದಿದ್ರೆ ಹೇಗೆ?"

"ಆ ಹಾಡು ಗೆದ್ದ ದಿನ ಮಾತ್ರ. ಅಧ್ಯಕ್ಷನಿಗೆ ನಾನು ಹೇಳ್ಕೊಡ್ಬೇಕಾ?"

"ಗೆದ್ದ ದಿನ ಅಂತ ಕಾಯ್ತಾ ಕೂತ್ರೆ..." ನೆವಿಲ್ ಉಳಿದದ್ದನ್ನು ನುಂಗಿಕೊಂಡ.

ನುಂಗಿಕೊಂಡರೇನು, ಊರಿಗೆಲ್ಲ ಗೊತ್ತಿತ್ತು. ಡನ್ವಾರಾ ಸತತವಾಗಿ ನಲವತ್ತಮೂರು ಪಂದ್ಯ ಸೋತಿತ್ತು. ಸೋಲುವುದಕ್ಕೂ ಒಂದು ಮರ್ಯಾದೆ ಇರುತ್ತದೆ. ಇವರು ಅದನ್ನೂ ಬಿಟ್ಟು, ಚೆಂಡನ್ನು ಕೈಯಲ್ಲೂ ಹಿಡಿಯುವ, ಗೋಲಿಗೆ ಆರು ಅಂಕದ ಈ ಫುಟ್‌ಬಾಲಿನಲ್ಲಿ ನೂರು, ನೂರಿಪ್ಪತ್ತು ಅಂಕಗಳ ಅಂತರದಲ್ಲಿ ಸೋಲುತ್ತಿದ್ದರು. ಜನೀನಳ ಅಪ್ಪ ಕ್ಲೆಮ್ ಪಾಸ್ಕೋ ತೀರಿಕೊಂಡದ್ದು ಸೋಮವಾರ ಬೆಳಿಗ್ಗೆ, ಚಹಾ ಕುಡಿಯುತ್ತಾ, ಶನಿವಾರದ ಸೋಲಿಗೆ ಬೈಯುತ್ತಾ. ಬೈಗುಳ ಇನ್ನೂ ಅರ್ಧದಲ್ಲಿತ್ತು.

"ಜನೀನಕ್ಕ," ಎಂದ ನಾಯಕ ಕೇಲಬ್. ಇಪ್ಪತ್ತೊಂದರ ಹುಡುಗ. ಜನೀನ್ ಓಡಿಸುವ ಶಾಲೆಯ ಬಸ್ಸಿನಲ್ಲೇ ಅವರೆಲ್ಲ ಓಡಾಡಿ ದೊಡ್ಡವರಾದದ್ದು, ಹಾಗಾಗಿ ಎಲ್ಲರಿಗೂ ಅವಳು ಅಕ್ಕ. "ನಿಜ ಹೇಳ್ಬೇಕಂದ್ರೆ ನಮಗೆ ಹಾಡೇ ಬರಲ್ಲ. ನಾನು ದೊಡ್ಡೋರ ತಂಡಕ್ಕೆ ಬಂದ್ಮೇಲೆ ಒಂದ್ಸಲಾನೂ ಹಾಡಿಲ್ಲ."

ಅದಕ್ಕೇ ಮೊದಲನೇ ಸಾಲು, 'ಧೂಳಲ್ಲಿ ಹುಟ್ಟಿದ ಮಕ್ಕಳು ನಾವು', ಗಟ್ಟಿಯಾಗಿ ಕೇಳಿಸಿ, ಆಮೇಲೆಲ್ಲ ಬರೀ ಲಲಲಾ ಕೇಳಿಸಿದ್ದು.

"ನಿಮ್ಮಪ್ಪನ ಹತ್ರ ಪೂರ್ತಿ ಬರೆದಿದ್ದು ಇತ್ತಲ್ಲ," ಎಂದ ನೆವಿಲ್. "ಎಲ್ಲಿದೆ ಅದು?"

ಅದು ಜನೀನಳ ಕೋಟಿನ ಜೇಬಿನಲ್ಲೇ ಇತ್ತು. ಸ್ಕೋರ್‌ಬೋರ್ಡಿನ ಗೂಡಿನಲ್ಲಿ, ಮೊಳೆಗೆ ಸಿಕ್ಕಿಸಿದ್ದ ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಹನ್ನೆರಡು ಸಾಲು. ಮಂಗಳವಾರ ಹೋಗಿ ಬಿಚ್ಚಿಕೊಂಡು ಬಂದಿದ್ದಳು. ಮಣ್ಣು ಹಾಕುವಾಗ ಅದನ್ನೂ ಅಪ್ಪನ ಜೊತೆಗೇ ಗುಂಡಿಗೆ ಹಾಕಬೇಕೆಂದು ಅವಳ ಮನಸ್ಸು.

"ಇದೆ. ಕೊಡಲ್ಲ," ಎಂದಳು. "ಇವತ್ತು ಮಧ್ಯಾಹ್ನ ನುಲ್ಲಾಕ್ ಮೇಲೆ ಪಂದ್ಯ ಇದೆಯಲ್ಲ, ಗೆಲ್ಲಿ. ಗೆದ್ದು ಅಪ್ಪನ ಗುಂಡಿ ಹತ್ರ ಬಂದು ಗಂಟಲು ಹರಿಯೋ ಹಾಗೆ ಹಾಡಿ. ಸೋತ್ರೆ ಅವರು ಸುಮ್ನೆ ಹೋಗ್ತಾರೆ."

"ಪಂದ್ಯ ಮುಂದೂಡೋಕೆ ನುಲ್ಲಾಕಿನೋರೂ ಒಪ್ಪಿದ್ರು. ನೀನೇ ಬೇಡ ಅಂದೆ," ಎಂದ ನೆವಿಲ್.

"ಅಪ್ಪ ಸತ್ತ ನೆಪದಲ್ಲಿ ನೀವೊಂದು ಸೋಲು ತಪ್ಪಿಸ್ಕೊಳ್ಳೋದು ಬೇಡ ಅಂತ."

ಶವಸಂಸ್ಕಾರದ ಏರ್ಪಾಟು ವಹಿಸಿಕೊಂಡಿದ್ದ ಸ್ಟ್ರೌಡ್ ಕರಿ ಹ್ಯಾಟನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಹತ್ತಿರ ಬಂದ. "ಅಮ್ಮಾ, ಮಣ್ಣು ಮಾಡೋದು ಒಂದು ಗಂಟೆಗೆ ಅಂತ ಬರ್ಕೊಂಡಿದೀನಿ."

"ಐದಕ್ಕೆ ಅಂತ ತಿದ್ಕೊಳ್ಳಿ. ಎಂಬತ್ತೊಂದು ವರ್ಷದಲ್ಲಿ ನಮ್ಮಪ್ಪ ಆಟ ಮುಗಿಸೋ ಕೊನೇ ಸೈರನ್‌ಗೆ ಮುಂಚೆ ಮೈದಾನ ಬಿಟ್ಟು ಎದ್ದೋರಲ್ಲ. ಇವತ್ತೂ ಏಳಲ್ಲ."

*

ಹೋದ ವರ್ಷ ಆಗಸ್ಟಿನಲ್ಲಿ ಇದೇ ನುಲ್ಲಾಕ್ ಇದೇ ಮೈದಾನದಲ್ಲಿ ಇನ್ನೂರು ಅಂಕ ದಾಟಿತು. ಸ್ಕೋರ್‌ಬೋರ್ಡ್ ಅಂದರೆ ಏಣಿ ಹತ್ತಿ ಹೋಗುವ ತಗಡಿನ ಗೂಡು. ಅಂಕಿ ಬರೆದ ತಗಡುಗಳನ್ನು ಕೈಯಿಂದಲೇ ಕೊಕ್ಕೆಗೆ ತೂಗುಹಾಕಬೇಕು. ಕ್ಲೆಮ್ ನೂರ ತೊಂಬತ್ತೊಂಬತ್ತರವರೆಗೆ ಹಾಕಿ ಕೈ ಕಟ್ಟಿ ಕುಳಿತರು. ನುಲ್ಲಾಕ್ ಇನ್ನೊಂದು ಗೋಲು ಹೊಡೆಯಿತು, ಮತ್ತೊಂದು ಹೊಡೆಯಿತು. ಬೋರ್ಡು ಅಲುಗಲಿಲ್ಲ.

ಅಂಪೈರ್ ಗೂಡಿನ ಕೆಳಗೆ ಬಂದು ಸೀಟಿ ಊದಿದ. "ಅಜ್ಜಾ, ಇನ್ನೂರ ಹನ್ನೊಂದು!"

"ನೂರರ ಜಾಗಕ್ಕೆ ನನ್ನ ಹತ್ರ ಇರೋದು ಒಂದರ ತಗಡು ಮಾತ್ರ," ಎಂದರು ಕ್ಲೆಮ್ ಮೇಲಿನಿಂದ.

"ಎರಡರದ್ದು ಮಾಡ್ಸಿ ಮತ್ತೆ!"

"ಅವರೂರಲ್ಲಿ ಮಾಡಿಸ್ಕೊಳ್ಲಿ. ಇದು ನನ್ನ ಬೋರ್ಡು."

ಆಮೇಲೆ ಹೊರಗೆ ತಲೆ ಹಾಕಿ ತಮ್ಮ ತಂಡದ ಕಡೆಗೆ ತಿರುಗಿದರು. "ಅದೇನು ಕೈಯೇನ್ರೋ, ಬೆಣ್ಣೆ ಮುದ್ದೆಯಾ? ಚೆಂಡು ಬಂದ್ರೆ ಹಾವು ಬಂದ ಹಾಗೆ ಓಡ್ತೀರಲ್ಲ!" ಗಾಳಿ ವಿರುದ್ಧ ಇತ್ತು ಎಂದು ತರಬೇತುದಾರ ಸಬೂಬು ಹೇಳಿದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನ ಮುಖಕ್ಕೇ ಹೇಳಿದರು. ಇಷ್ಟೆಲ್ಲ ಬೈದವರು ಮನೆಗೆ ಹೋಗುವಾಗ ಕಾರಿನಲ್ಲಿ ಜನೀನಳಿಗೆ ಹೇಳಿದ್ದು ಬೇರೆ: "ಆ ಕೇಲಬ್ ಇದಾನಲ್ಲ, ಇನ್ನೂರು ಹೊಡೆಸ್ಕೊಂಡ ಮೇಲೂ ಓಡ್ತಾನೇ ಇದ್ದ. ನೋಡಿದ್ಯಾ?" ಅದನ್ನು ಕೇಲಬ್‌ಗೆ ಹೇಳಿ ಎಂದರೆ, "ಹೇಳ್ತೀನಿ, ಗೆಲ್ಲಲಿ," ಎಂದಿದ್ದರು.

*

ಕ್ಲಬ್ಬಿನ ಹಾಲ್‌ನಲ್ಲಿ ಊಟ. ಐವಿ ಮಾಂಸದ ಪೈಗಳನ್ನು ತಟ್ಟೆಗೆ ಬಡಿಸುತ್ತಾ ಅಳುತ್ತಿದ್ದಳು, ಅಳುತ್ತಲೇ ಸರದಿ ಮುರಿದವರನ್ನು ಗದರುತ್ತಿದ್ದಳು. ನಲವತ್ತು ವರ್ಷದಿಂದ ಮೈದಾನದ ಕ್ಯಾಂಟೀನು ಅವಳದೇ. ವಯಸ್ಸು ಎಪ್ಪತ್ತೆಂಟು.

"ನಿಮ್ಮಪ್ಪ ಪೈ ತಗೊಂಡು ಒಂದಿನಾನೂ ಚೆನ್ನಾಗಿದೆ ಅನ್ಲಿಲ್ಲ, ಮಗಳೇ," ಎಂದಳು. "ಆದ್ರೆ ಒಂದು ಶನಿವಾರಾನೂ ಬಿಡದೆ ಎರಡು ತಿಂದ."

ನೆವಿಲ್ ತಟ್ಟೆ ಹಿಡಿದು ಮತ್ತೆ ಬಂದ. ಅವನದು ಕೆಟ್ಟ ಮನಸ್ಸಲ್ಲ, ಸುಮ್ಮನಿರಲು ಬಾರದ ಮನಸ್ಸು. "ಐವಿ, ನೀನಾದ್ರೂ ಇವಳಿಗೆ ಹೇಳು. ಮನುಷ್ಯ ಒಂದೇ ಸಲ ಸಾಯೋದು. ಇವತ್ತು ಹಾಡದೆ ಇನ್ನೆಂದು ಹಾಡೋದು? ಹಟಕ್ಕೂ ಒಂದು ಮಿತಿ ಬೇಡ್ವಾ?"

"ಹಟಾನೇ," ಎಂದಳು ಐವಿ. "ಇವಳಮ್ಮ ಹೋದಾಗ ನೀನು ಈ ಊರಲ್ಲಿ ಇರ್ಲಿಲ್ಲ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕ್ಬೇಡ. ಪೈ ತಿನ್ನು."

ಜನೀನ್ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮೈದಾನದ ಬೇಲಿಯ ಸುತ್ತ ಕಾರುಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗಗಳಲ್ಲಿ ಮೂಗು ಮೈದಾನದ ಕಡೆಗಿಟ್ಟು ನಿಲ್ಲುತ್ತಿದ್ದವು. ಸ್ಕೋರ್‌ಬೋರ್ಡಿನ ಕೆಳಗೆ ಕ್ಲೆಮ್ ಕಾರು ನಿಲ್ಲಿಸುತ್ತಿದ್ದ ಜಾಗಕ್ಕೆ ಸ್ಟ್ರೌಡ್ ಶವವಾಹನವನ್ನು ಹಿಂದೆ ಮುಂದೆ ಮಾಡಿ ತಂದು ನಿಲ್ಲಿಸಿದ. ಪಕ್ಕದ ಕಾರಿನವರು ಇಳಿದು ಹ್ಯಾಟು ತೆಗೆದು, ಮತ್ತೆ ಹಾಕಿಕೊಂಡು, ಮಡಚುವ ಕುರ್ಚಿ ಬಿಡಿಸಿ ಕುಳಿತರು.

*

ಅಮ್ಮ ತೀರಿಕೊಂಡಾಗ ಜನೀನಳಿಗೆ ಹನ್ನೊಂದು. ಮಣ್ಣು ಮಾಡಿದ ಶನಿವಾರವೂ ಪಂದ್ಯವಿತ್ತು, ಎರಡು ಅಂಕಗಳಲ್ಲಿ ಸೋತಿದ್ದರು. ಆಟಗಾರರು ಸ್ಮಶಾನಕ್ಕೆ ಬಂದು, ಹಾಡಬಹುದೇ ಎಂದು ಕೇಳಿದರು. ಬೇಡ ಎಂದರು ಅಪ್ಪ. ಹನ್ನೊಂದು ವರ್ಷದ ಹುಡುಗಿಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ ವಾರವಿಡೀ ಮಾತಾಡಲಿಲ್ಲ.

ಮುಂದಿನ ಶನಿವಾರ ತಂಡ ಗೆದ್ದಿತು. ಕತ್ತಲಾಗುವ ಮುಂಚೆ ಹದಿನೆಂಟೂ ಜನ ಕೆಸರು ಬೂಟಿನಲ್ಲೇ ರಸ್ತೆ ದಾಟಿ, ಅಮ್ಮನ ಹಸಿ ಮಣ್ಣಿನ ಸುತ್ತ ನಿಂತು, ಒಬ್ಬರ ಹೆಗಲಿಗೊಬ್ಬರು ಕೈ ಹಾಕಿಕೊಂಡು ಹಾಡಿದರು. ಒಬ್ಬನ ಹುಬ್ಬಿನಿಂದ ರಕ್ತ ಸುರಿಯುತ್ತಿತ್ತು, ಒರೆಸಿಕೊಳ್ಳದೆ ಹಾಡಿದ. ಅಪ್ಪ ಜನೀನಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. "ಕೇಳು, ಪುಟ್ಟಿ," ಎಂದರು. "ಇದನ್ನ ಯಾರೂ ಕರುಣೆಗೆ ಕೊಟ್ಟಿದ್ದಲ್ಲ." ಅವತ್ತಿನ ಸದ್ದು ಅವಳ ಎದೆಯಲ್ಲಿ ಈಗಲೂ ಇತ್ತು. ಅಪ್ಪನಿಗೂ ಅಂಥದ್ದೇ ಬೇಕು. ಅದಕ್ಕಿಂತ ಕಡಿಮೆಯದನ್ನು ಅವಳು ಒಪ್ಪಿಕೊಳ್ಳುವವಳಲ್ಲ.

*

ಸಾವಿನ ಮನೆಯ ಕರಿ ಉಡುಪಿನಲ್ಲೇ ಜನೀನ್ ಏಣಿ ಹತ್ತಿ ಗೂಡಿನಲ್ಲಿ ಕುಳಿತಳು. ಬೇರೆ ಯಾರನ್ನೂ ಹತ್ತಗೊಡಲಿಲ್ಲ.

ಮೊದಲ ಕಾಲು ಭಾಗ ಎಂದಿನಂತೆಯೇ ಇತ್ತು: ನುಲ್ಲಾಕ್ ನಾಲ್ಕು ಗೋಲು, ಡನ್ವಾರಾ ಒಂದು. ಗೋಲಿಗೆ ಆರು ಅಂಕ, ಗುರಿ ತಪ್ಪಿ ಕಂಬಕ್ಕೆ ತಗುಲಿದರೆ, ಪಕ್ಕಕ್ಕೆ ಹೋದರೆ ಒಂದೇ ಅಂಕ. ಡನ್ವಾರಾಗೆ ಆ ಒಂದೊಂದು ಅಂಕ ಕೂಡಿಸಿಕೊಳ್ಳುವುದರಲ್ಲಿ ಬಹಳ ಪಳಗಿದ ಕೈ. ಜನೀನ್ ತಲೆ ಹೊರಗೆ ಹಾಕಿದಳು. ಬಾಯಿಂದ ಬಂದದ್ದು ಅಪ್ಪನ ಮಾತೇ. "ಬೆಣ್ಣೆ ಮುದ್ದೆಗಳಾ! ಚೆಂಡು ಹಿಡೀರೋ!"

ಹುಡುಗರು ಬೆಚ್ಚಿ ಮೇಲೆ ನೋಡಿದರು. ಕೇಲಬ್ ನಕ್ಕ. ಆಮೇಲೆ ಏನಾಯಿತೋ, ಅವರು ಚೆಂಡಿಗೆ ಬೀಳತೊಡಗಿದರು. ಎದುರಿನವರ ಮೊಣಕೈ ಬಿದ್ದರೂ ಬಿಡಲಿಲ್ಲ. ಅರ್ಧ ಆಟಕ್ಕೆ ಹದಿನಾರು ಅಂಕ ಹಿಂದೆ ಇದ್ದವರು ಮೂರನೇ ಭಾಗದ ಕೊನೆಗೆ ಹನ್ನೊಂದಕ್ಕೆ ಬಂದರು. ಗೋಲು ಬಿದ್ದಾಗಲೆಲ್ಲ ಬೇಲಿಯ ಸುತ್ತಿನ ಕಾರುಗಳು ಹಾರ್ನ್ ಮಾಡುವುದು ಪದ್ಧತಿ. ಕೊನೆಯ ಭಾಗದಲ್ಲಿ ಬಿದ್ದ ಗೋಲಿಗೆ ಗೂಡಿನ ಕೆಳಗಿನಿಂದಲೂ ಒಂದು ಹಾರ್ನ್ ಉದ್ದಕ್ಕೆ ಕೂಗಿತು. ಜನೀನ್ ಬಗ್ಗಿ ನೋಡಿದಳು. ಸ್ಟ್ರೌಡ್ ಎರಡೂ ಕೈಯಿಂದ ಒತ್ತುತ್ತಿದ್ದ, ಹ್ಯಾಟು ಎಲ್ಲೋ ಬಿದ್ದುಹೋಗಿತ್ತು.

ನುಲ್ಲಾಕ್ ಎಪ್ಪತ್ತೈದು, ಡನ್ವಾರಾ ಎಪ್ಪತ್ತು. ಅಷ್ಟರಲ್ಲಿ ಕೇಲಬ್ ಇಬ್ಬರ ಹೆಗಲ ಮೇಲಿನಿಂದ ನೆಗೆದು ಚೆಂಡನ್ನು ಗಾಳಿಯಲ್ಲೇ ಹಿಡಿದ. ಅವನು ಕೆಳಗೆ ಬೀಳುವಷ್ಟರಲ್ಲಿ ಕೊನೆಯ ಸೈರನ್ ಕೂಗಿತು. ಹಾಗೆ ಹಿಡಿದವನಿಗೆ ಸೈರನ್ ಆದ ಮೇಲೂ ನಿಂತು ಒದೆಯುವ ಹಕ್ಕಿದೆ. ಗೋಲಾದರೆ ಎಪ್ಪತ್ತಾರು, ಗೆಲುವು.

ಜನೀನ್ ಆರರ ಅಂಕಿಯ ತಗಡನ್ನು ಕೈಗೆತ್ತಿಕೊಂಡಳು. ತಣ್ಣಗಿತ್ತು. ನಲವತ್ತಾರು ವರ್ಷ ಅಪ್ಪನ ಬೆರಳು ತಾಗಿ ಅಂಚಿನ ಬಣ್ಣ ಹೋಗಿತ್ತು.

ಕೇಲಬ್ ಹತ್ತು ಹೆಜ್ಜೆ ಓಡಿ ಒದ್ದ. ಚೆಂಡು ನೆಟ್ಟಗೆ ಹೊರಟು, ಕೊನೆಗೆ ಒಂಚೂರೇ ಬಾಗಿ, ಎಡಗಂಬಕ್ಕೆ ಬಡಿಯಿತು. ಆ ಸದ್ದು ಗೂಡಿನವರೆಗೂ ಕೇಳಿಸಿತು. ಒಂದು ಅಂಕ.

"ಜನೀನ್!" ಕೆಳಗಿನಿಂದ ನೆವಿಲ್ ಅಳುವ ಧ್ವನಿಯಲ್ಲಿ ಕೂಗಿದ. "ಆರು ಹಾಕ್ಬಿಡು! ಕ್ಲೆಮ್ ನುಲ್ಲಾಕಿನೋರ ಹನ್ನೆರಡು ಅಂಕ ನುಂಗಿರ್ಲಿಲ್ವಾ? ಯಾರು ಕೇಳ್ತಾರೆ?"

ಹೌದು, ನುಂಗಿದ್ದರು. ಆದರೆ ತಮ್ಮವರಿಗೆಂದು ಅರ್ಧ ಅಂಕವನ್ನೂ ಧರ್ಮಕ್ಕೆ ಕೊಟ್ಟವರಲ್ಲ. ಅವಳು ಆರನ್ನು ಅದರ ಮೊಳೆಗೆ ತೂಗುಹಾಕಿ, ಸೊನ್ನೆಯನ್ನು ಬಿಚ್ಚಿ, ಆ ಜಾಗಕ್ಕೆ ಒಂದನ್ನು ಸಿಕ್ಕಿಸಿದಳು. ಕಣ್ಣು ತುಂಬಿ ಕೊಕ್ಕೆ ಕಾಣದೆ ಎರಡು ಸಲ ತಪ್ಪಿತು. ಆಮೇಲೆ ಏಣಿ ಇಳಿದಳು.

*

ಸ್ಮಶಾನ ಮೈದಾನದ ಎದುರಿಗೇ, ರಸ್ತೆಯ ಆಚೆ. ಬೆಳಕು ಕುಂದುತ್ತಿತ್ತು. ಆಟಗಾರರು ಸ್ನಾನವನ್ನೂ ಮಾಡದೆ ಬಂದು, ಮೈಯೆಲ್ಲ ಕೆಸರಾಗಿ, ಗುಂಡಿಯ ಆಚೆ ಬದಿಗೆ ನಿಂತರು. ಪಾದ್ರಿ ಪ್ರಾರ್ಥನೆ ಮುಗಿಸಿದ. ಪೆಟ್ಟಿಗೆ ಕೆಳಗಿಳಿಯಿತು.

"ನಾಲ್ಕೇ ಅಂಕ, ಜನೀನ್," ಎಂದ ನೆವಿಲ್. ಅವನ ಗಲ್ಲವೂ ಒದ್ದೆಯಾಗಿತ್ತು. "ಮೂರು ವರ್ಷದಲ್ಲಿ ಹೀಗೆ ಆಡಿದ್ದಿಲ್ಲ. ಇದು ಗೆಲುವಿಗೆ ಸಮ. ಹಾಡ್ಲಿ ಬಿಡು."

ಜನೀನ್ ಜೇಬಿಗೆ ಕೈ ಹಾಕಿದಳು. ಅವಳಿಗೂ ಹಾಡು ಕೇಳಬೇಕೆನಿಸಿತ್ತು. ಬೆಳಗಿನಿಂದ ಗಟ್ಟಿಯಾಗಿ ನಿಂತವಳಿಗೆ ಈ ಹೊತ್ತಿನಲ್ಲಿ ಹೂಂ ಅಂದುಬಿಟ್ಟರೆ ಸಾಕೆನಿಸಿತ್ತು. ಜೇಬಿನಲ್ಲಿ ಕಾಗದ ಬೆರಳಿಗೆ ಸಿಕ್ಕಿತ್ತು.

"ಬೇಡ, ನೆವಿಲ್," ಎಂದ ಕೇಲಬ್.

"ಏನೋ ಬೇಡ?"

"ಸೋತಿದೀವಿ. ನಾನೇ ಸೋಲಿಸಿದೀನಿ. ಈಗ ಹಾಡಿದ್ರೆ ಕ್ಲೆಮ್ ತಾತ ಪೆಟ್ಟಿಗೆಯಿಂದ ಎದ್ದು ಬಂದು ಬೈತಾರೆ." ಮೂಗು ಒರೆಸಿಕೊಂಡಾಗ ಕೆಸರು ಕೆನ್ನೆಗೆಲ್ಲ ಬಳಿಯಿತು. "ಗೆದ್ದು ಬರ್ತೀವಿ. ಬಂದು ಹಾಡ್ತೀವಿ. ಅಲ್ಲೀತನಕ ಯಾರಾದ್ರೂ ಬಾಯಿ ತೆಗೆದ್ರೆ ನಾನೇ ಒದೀತೀನಿ."

ಜನೀನ್ ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದಳು. ಕಾಗದವನ್ನು ಹಾಕಲಿಲ್ಲ. ಗುಂಡಿಯನ್ನು ಸುತ್ತಿ ಬಂದು ಅದನ್ನು ಕೇಲಬ್‌ನ ಕೈಗೆ ಕೊಟ್ಟಳು.

"ಇನ್ನೂರು ಹೊಡೆಸ್ಕೊಂಡ ದಿನಾನೂ ನೀನು ಓಡ್ತಾನೇ ಇದ್ದೆಯಂತೆ. ಅಪ್ಪ ಹೇಳಿದ್ರು," ಎಂದಳು. "ಗೆದ್ದ ಮೇಲೆ ನಿನಗೆ ಹೇಳ್ಬೇಕು ಅಂತಿದ್ರು. ನಾನು ಮುಂಚೇನೇ ಹೇಳಿಬಿಟ್ಟೆ, ಅದೊಂದು ತಪ್ಪು ನನ್ನ ಮೇಲಿರ್ಲಿ. ಹನ್ನೆರಡು ಸಾಲಿದೆ. ಕಲೀರಿ."

ಕತ್ತಲಾಗುತ್ತಿದೆಯೆಂದು ಸ್ಟ್ರೌಡ್ ಹೋಗಿ ಶವವಾಹನದ ದೀಪ ಹಾಕಿದ. ಆ ಬೆಳಕಿಗೆ ಕೇಲಬ್ ಕಾಗದ ಹಿಡಿದ. ಅವನ ಹೆಬ್ಬೆರಳಿನ ಕೆಸರು ಮೊದಲ ಸಾಲಿನ ಪಕ್ಕ ಅಚ್ಚಾಯಿತು. ಉಳಿದವರು ಹಿಂದಿನಿಂದ ಕತ್ತು ಚಾಚಿ ಮುತ್ತಿಕೊಂಡರು. ಹಾಡೆಲ್ಲ ಬಾಯಿಪಾಠ ಇದ್ದ ಐವಿ ತುಟಿ ಕಚ್ಚಿ ನಿಂತಿದ್ದಳು. ಸಲಿಕೆಯಿಂದ ಮಣ್ಣು ಬೀಳುವ ಸದ್ದಿನ ನಡುವೆ ಹದಿನೆಂಟೂ ಹುಡುಗರ ತುಟಿಗಳು ಸಾಲಿನಿಂದ ಸಾಲಿಗೆ ಅಲುಗುತ್ತಿದ್ದವು, ಒಬ್ಬನ ಗಂಟಲಿನಿಂದಲೂ ಸ್ವರ ಹೊರಡಲಿಲ್ಲ.